ಖಾಲಿ ವೃತ್ತಕ್ಕೆ ನಾಲ್ಕು ಹೆಜ್ಜೆ

ನಾನು ಅವರನ್ನು ಮೊದಲು ನೋಡಲಿಲ್ಲ, ತುಳಿದೆ.

ರಿಹರ್ಸಲ್ ಹಾಲಿನಲ್ಲಿ ಇನ್ನೂ ಲೈಟು ಹಾಕಿರಲಿಲ್ಲ. ಜೀವನದಲ್ಲೇ ಮೊದಲ ಸಲ ಹೀಲ್ಸ್ ಹಾಕಿಕೊಂಡಿದ್ದೆ. ಕೊಕ್ಕರೆ ಹಾಗೆ ಒಂದೊಂದೇ ಕಾಲೆತ್ತಿ ಇಡುತ್ತ ಸ್ಟೇಜಿನ ಮೇಲೆ ಹೋಗುತ್ತಿದ್ದೆ. ಹಿಮ್ಮಡಿಯ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. "ಅಮ್ಮಾ!" ಎಂದು ನೆಲವೇ ಕೂಗಿತು.

ಕೂಗಿದ್ದು ನೆಲವಲ್ಲ, ಮೊಣಕಾಲೂರಿ ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತಿದ್ದ ಒಬ್ಬರು.

"ಅಯ್ಯೋ, ಕಾಣಿಸಲಿಲ್ಲ ರೀ. ಕತ್ತಲೆ..."

"ಗೊತ್ತು. ಬೆಳಕು ಹಾಕಬೇಕಾದವನು ನಾನೇ," ಎಂದರು ಅವರು, ಬೆರಳನ್ನು ಬಾಯಲ್ಲಿಟ್ಟುಕೊಂಡು. "ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ ನೋಡಿ. ನೀವು ಎಷ್ಟನೆಯವರು?"

"ಎಷ್ಟನೆಯವಳು ಅಂದ್ರೆ? ಮನೇಲಿ ನಾಲ್ಕನೆಯವಳು. ಮೂರು ಜನ ಅಣ್ಣಂದಿರು ಆದಮೇಲೆ ನಾನು."

"ಮನೆ ಲೆಕ್ಕ ಅಲ್ಲ. ಇಲ್ಲಿ, ಸ್ಟೇಜ್ ಮೇಲೆ."

"ಮೂರು."

"ಹಾಗಾದ್ರೆ ಹಸಿರು ಟೇಪು ನಿಮ್ಮದು. ಕತ್ತಲೇಲಿ ಬಂದು ಇದರ ಮೇಲೆ ನಿಂತ್ಕೊಳ್ಳಿ. ನನ್ನ ಬೆರಳಿನ ಮೇಲಲ್ಲ."

ಅವತ್ತಿನಿಂದ ನಾನು ಅವರಿಗೆ 'ಮೂರು'. ಅವರ ಎಡಗೈಯ ಕಿರುಬೆರಳಿನ ಉಗುರು ಒಂದು ವಾರ ನೀಲಿಯಾಗಿತ್ತು, ಆಮೇಲೆ ಉದುರಿತು. ಹೊಸದು ಬಂದಾಗ ಸ್ವಲ್ಪ ಸೊಟ್ಟಗೆ ಬಂತು. ಇವತ್ತಿಗೂ ಹಾಗೇ ಇದೆ.

*

ನಾವು ನಾಲ್ಕು ಜನ ಹುಡುಗಿಯರು. ಕಂಪನಿಯವರು ಎಲ್ಲೆಲ್ಲಿಂದಲೋ ಆರಿಸಿ ತಂದು, ಒಂದೇ ಥರದ ಬಟ್ಟೆ ತೊಡಿಸಿ, ಒಂದೇ ಥರ ಕೂದಲು ಕತ್ತರಿಸಿ, ಒಂದು ಗುಂಪು ಮಾಡಿದ್ದರು. ಕೆಂಪು ಟೇಪು ನಾವು 'ಅಕ್ಕ' ಎನ್ನುತ್ತಿದ್ದವಳದು. ಅವಳೇ ಎಲ್ಲರಿಗಿಂತ ದೊಡ್ಡವಳು, ಹಾಡಿನ ಮುಖ್ಯ ಸಾಲುಗಳೆಲ್ಲ ಅವಳವೇ. ಹಳದಿ ಟೇಪು ಗುಂಗುರು ಕೂದಲಿನವಳಿಗೆ, ನೀಲಿ ಟೇಪು ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿಗೆ.

ಪ್ರತಿ ಹಾಡಿನಲ್ಲೂ ನನ್ನ ಪಾಲಿಗೆ ಎರಡೇ ಸಾಲು. ಉಳಿದಂತೆ, ಅವರು ಮೂವರೂ ಮೇಲಿನ ಸ್ವರದಲ್ಲಿ ಹಾಡುವಾಗ ಕೆಳಗಿನ ಸ್ವರ ಹಿಡಿದು ನಿಲ್ಲುವುದು ನನ್ನ ಕೆಲಸ. ಅಮ್ಮ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಅವಳಿಗೆ ಇದನ್ನು ಹೇಳಿದಾಗ ಮಿಷನ್ನಿನಿಂದ ತಲೆ ಎತ್ತದೆ, "ಬಟ್ಟೆ ಒಳಗೆ ಕೊಡೋ ಅಸ್ತರು ಅನ್ನು. ಇದ್ರೆ ಯಾರಿಗೂ ಕಾಣಲ್ಲ, ಇಲ್ದಿದ್ರೆ ಬಟ್ಟೆ ನಿಲ್ಲಲ್ಲ," ಎಂದಳು.

ಹಾಗೆ ಹೇಳಿದವಳೇ ಟಿವಿಯಲ್ಲಿ ನಾವು ಬಂದಾಗ ಎದ್ದು ಹೋಗಿ, ಉಳಿದ ಮೂವರ ಮೇಲೆ ಅಂಗೈ ಅಡ್ಡ ಇಟ್ಟು, ನನ್ನೊಬ್ಬಳನ್ನೇ ನೋಡುತ್ತಿದ್ದಳು. "ಅಮ್ಮ, ಕೈ ತೆಗಿ, ನಮಗೇನೂ ಕಾಣ್ತಿಲ್ಲ," ಎಂದು ಅಣ್ಣಂದಿರು ಬೊಬ್ಬೆ ಹೊಡೆಯುತ್ತಿದ್ದರು.

ಟೇಪು ಅಂಟಿಸುತ್ತಿದ್ದ ಅವರು ಹಾಲಿನ ಹಿಂದುಗಡೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಗೂಡಿನಂಥ ಕೋಣೆಯಲ್ಲಿ ಕೂರುತ್ತಿದ್ದರು. ಅಲ್ಲಿ ಅಷ್ಟು ದೊಡ್ಡ ಒಂದು ಲೈಟು. ಯಾರು ಹಾಡುತ್ತಾರೋ ಅವರ ಮೇಲೆ ಅದರ ಬೆಳಕಿನ ವೃತ್ತವನ್ನು ತಂದು ನಿಲ್ಲಿಸುವುದು, ಅವರು ನಡೆದರೆ ಅದನ್ನೂ ನಡೆಸುವುದು ಅವರ ಕೆಲಸ.

ಹುಡುಗಿಯರೆಲ್ಲ ಅವರನ್ನು 'ದೀಪಣ್ಣ' ಎನ್ನುತ್ತಿದ್ದರು. ನಾನು ಅನ್ನುತ್ತಿರಲಿಲ್ಲ. ಇದನ್ನು ಮೊದಲು ಹಿಡಿದವಳು ಅಕ್ಕ.

"ಏನೇ, ನೀನ್ಯಾಕೆ ಅವನನ್ನ ಅಣ್ಣ ಅನ್ನಲ್ಲ?"

"ನನಗೆ ಅಣ್ಣಂದಿರು ಆಗಲೇ ಮೂರು ಜನ ಇದ್ದಾರೆ. ಸಾಕು."

"ಓಹೋ! ಅದಕ್ಕೇನಾ 'ರೀ, ಸ್ವಲ್ಪ ಬೆಳಕು ಈ ಕಡೆ ರೀ' ಅಂತ ರಾಗ ಎಳೆಯೋದು?"

ಪುಟ್ಟಿ ನೀರು ಕುಡಿಯುತ್ತಿದ್ದವಳು ಮೂಗಿನಿಂದ ನೀರು ಬರುವಷ್ಟು ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಮೇಲೆ ಗೂಡಿನ ಕಿಟಕಿಯಲ್ಲಿ ಯಾರೋ ಕೆಮ್ಮಿದ ಹಾಗೆ ಕೇಳಿಸಿತು.

*

ಸ್ಟೇಜಿನ ಮೇಲೆ ನಿಂತವರಿಗೆ ಜನ ಕಾಣುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಣುವುದಿಲ್ಲ. ಎದುರಿಗೆ ಕಣ್ಣು ಕುಕ್ಕುವ ಬೆಳಕೊಂದೇ. ಏಳು ವರ್ಷ ನಾನು ಆ ಬೆಳಕಿಗೇ ಹಾಡಿದೆ. ಅದರ ಹಿಂದೆ ಒಂದು ಮುಖ ಇತ್ತು, ಹಾಡುವಾಗ ಒಂದು ದಿನವೂ ನನಗೆ ಕಾಣಲಿಲ್ಲ.

ಆದರೆ ಮಾತಾಡುತ್ತಿದ್ದೆವು. ನನ್ನ ಎರಡು ಸಾಲು ಬರುವ ಮೊದಲು ಆ ವೃತ್ತ ಒಂದಿಷ್ಟೇ ಚಿಕ್ಕದಾಗಿ ಮತ್ತೆ ಅರಳುತ್ತಿತ್ತು. ಯಾರೋ ಕಣ್ಣು ಮಿಟುಕಿಸಿದ ಹಾಗೆ. ಅಕ್ಕನಿಗೆ ಹಾಗೆ ಮಾಡುತ್ತಿರಲಿಲ್ಲ, ಪುಟ್ಟಿಗೂ ಇಲ್ಲ. ನಾನು ನೋಡಿಟ್ಟುಕೊಂಡಿದ್ದೆ.

ಒಂದು ಮಧ್ಯಾಹ್ನ ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಆ ಕಬ್ಬಿಣದ ಮೆಟ್ಟಿಲು ಹತ್ತಿದೆ. ಒಳಗೆ ಒಲೆಯ ಪಕ್ಕ ಕೂತ ಹಾಗೆ ಕಾವು. ಅವರು ಅಂಗಿಯ ತೋಳಿನಿಂದ ಲೈಟಿನ ಗಾಜು ಒರೆಸುತ್ತಿದ್ದರು. ಲೋಟ ಒಂದೂ ಇರಲಿಲ್ಲ, ಫ್ಲಾಸ್ಕಿನ ಮುಚ್ಚಳದಲ್ಲೇ ಸರದಿಯ ಮೇಲೆ ಕುಡಿದೆವು. ಅವರು ಕುಡಿದ ಕಡೆ ತಪ್ಪಿಸಿ ಕುಡಿಯಬೇಕು ಎಂದುಕೊಂಡು ಮುಚ್ಚಳ ತಿರುಗಿಸಿದೆ. ತಿರುಗಿಸಿ ತಿರುಗಿಸಿ ಕೊನೆಗೆ ಅಲ್ಲೇ ಕುಡಿದೆ.

"ನಿನ್ನೆ ನನ್ನ ಸಾಲು ಮುಗಿದ ಮೇಲೂ ಬೆಳಕು ನನ್ನ ಮೇಲೇ ಇತ್ತಲ್ಲ?" ಎಂದೆ.

"ಲೈಟು ಬಿಸಿಯಾದ್ರೆ ಜಾಮ್ ಆಗುತ್ತೆ."

"ಯಾವಾಗಲೂ ನನ್ನ ಮೇಲೇ ಜಾಮ್ ಆಗುತ್ತಾ?"

"ಹಳೇ ಲೈಟು," ಎಂದರು, ಗಾಜಿನ ಮೇಲೆ ಬಗ್ಗಿಕೊಂಡು. "ಅದರ ಬುದ್ಧಿ ನಾನು ಹೇಗೆ ಹೇಳಲಿ?"

ಇಷ್ಟೇ ನಮ್ಮ ಪ್ರೇಮ. ಏಳು ವರ್ಷದಲ್ಲಿ ಇದಕ್ಕಿಂತ ಒಂದು ಮಾತೂ ಮುಂದೆ ಹೋಗಲಿಲ್ಲ. ಆಗಿನ ಕಾಲದಲ್ಲಿ ನಮಗೆ ಅಷ್ಟೇ ಬೇಕಾದಷ್ಟಾಗಿತ್ತು.

*

ಏಳು ವರ್ಷದ ಕರಾರು ಮುಗಿಯಿತು. ಗುಂಪು ಹಳತಾಯಿತು ಎಂದರು ಕಂಪನಿಯವರು. ನಾಲ್ವರಲ್ಲಿ ಒಬ್ಬಳನ್ನು ಮಾತ್ರ ಇಟ್ಟುಕೊಂಡು, ಅವಳೊಬ್ಬಳದೇ ಹಾಡುಗಳನ್ನು ತರುತ್ತೇವೆ ಎಂದರು. ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ಆಗಲೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಮ್ಯಾನೇಜರ್ ಎಲ್ಲರನ್ನೂ 'ಮಗಳೇ' ಎನ್ನುತ್ತಿದ್ದ ಮನುಷ್ಯ. ಆ ಪದ ಅವನ ಬಾಯಲ್ಲಿ ಬಂದರೆ ಏನೋ ಗ್ರಹಚಾರ ಕಾದಿದೆ ಅಂತಲೇ ಅರ್ಥ. "ಮಗಳೇ, ರೆಕಾರ್ಡಿಂಗಿನಲ್ಲಿ ನಿನ್ನ ದನಿ ಬೇರೆ ಮಾಡಿ ಕೇಳಿದ್ವಿ," ಎಂದ ನನ್ನ ಕಡೆ ತಿರುಗಿ. "ಆ ಕೆಳಗಿನ ಸ್ವರ ಇದೆಯಲ್ಲ, ಅದು ಬೇಕು ನಮಗೆ."

ಗುಂಗುರು ಕೂದಲಿನವಳು ಅಳತೊಡಗಿದಳು. ಅಕ್ಕ ಎದ್ದು, ತನ್ನ ಲಿಪ್‌ಸ್ಟಿಕ್ ನನ್ನ ಮಡಿಲಿಗೆ ಎಸೆದಳು.

"ತಗೋ. ನಡುವೆ ನಿಲ್ಲೋಳು ತುಟಿ ಒಣಗಿಸ್ಕೊಂಡು ನಿಲ್ಲಬಾರದು."

ಅದು ಹಾರೈಕೆಯೋ ಚುಚ್ಚು ಮಾತೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ನಾನು ಒಂದೇ ಒಂದು ಷರತ್ತು ಹಾಕಿದೆ: ಲೈಟಿಗೆ ಅವರೇ ಬರಬೇಕು. ಮ್ಯಾನೇಜರ್ ಗೊಣಗಿದ, ಒಪ್ಪಿದ.

ಮೊದಲ ಶೋ ಹಿಂದಿನ ದಿನ ಸಂಜೆ, ಹಾಲಿನ ಹೊರಗಿನ ಮೆಟ್ಟಿಲಿನ ಮೇಲೆ ಕೂತಿದ್ದೆವು. ಎದುರಿನ ಬೀದಿಯಲ್ಲಿ ಒಬ್ಬಳು ಅಂಗಡಿಯ ಶಟರ್ ಎಳೆಯುತ್ತಿದ್ದಳು, ಅದು ಅರ್ಧಕ್ಕೇ ನಿಲ್ಲುತ್ತಿತ್ತು.

"ನಾಳೆ ನಡುವೆ ನಿಲ್ತೀಯಲ್ಲ?" ಎಂದರು. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು.

"ನಾನೆಲ್ಲಿ ನಿಂತ್ರೂ ನೀವು ಬೆಳಕು ತರ್ತೀರಲ್ಲ. ನನಗೇನು ಭಯ?"

"ಅದೇ ನನಗೆ ಭಯ," ಎಂದರು.

"ಒಗಟು ಬಿಟ್ಟು ಮಾತಾಡಿ."

"ಶೋ ಮುಗೀಲಿ. ಒಂದು ಮಾತು ಹೇಳೋದಿದೆ."

"ನನಗೂ ಒಂದು ಹೇಳೋದಿದೆ," ಎಂದೆ. ಇಬ್ಬರೂ ಶಟರ್ ಎಳೆಯುವವಳನ್ನೇ ನೋಡುತ್ತ ಕೂತೆವು.

*

ಮರುದಿನ ಹಾಲು ತುಂಬಿತ್ತು. ಎಲ್ಲ ದೀಪ ಆರಿದವು. ಕತ್ತಲೆಯಲ್ಲಿ ನಾನು ನನ್ನ ಬಲಬದಿಯ ಪರದೆಯಿಂದ ಹೊರಟೆ.

ಏಳು ವರ್ಷ ದಿನಾ ನಡೆದ ದಾರಿ. ನನ್ನ ಹಸಿರು ಟೇಪಿಗೆ ಹದಿನಾಲ್ಕು ಹೆಜ್ಜೆ. ಆದರೆ ಇವತ್ತು ಹತ್ತಕ್ಕೇ ನಿಲ್ಲಬೇಕಿತ್ತು. ಸ್ಟೇಜಿನ ನಟ್ಟನಡುವೆ, ಒಂದೇ ಒಂದು ಬಿಳಿ ಟೇಪು. ತಲೆಗೆ ಅದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕಾಲು ಹದಿನಾಲ್ಕು ಎಣಿಸಿ ನಿಂತಿತು.

ಬೆಳಕು ಬಿತ್ತು. ನನ್ನ ಮೇಲಲ್ಲ.

ನನ್ನಿಂದ ನಾಲ್ಕು ಹೆಜ್ಜೆ ಆಚೆ, ನಡುವೆ, ಒಂದು ದುಂಡನೆಯ ಖಾಲಿ ಬೆಳಕು. ಅದರಲ್ಲಿ ಧೂಳು ಸುಮ್ಮನೆ ಇಳಿಯುತ್ತಿತ್ತು. ಸಂಗೀತ ಶುರುವಾಯಿತು. ಯಾರೋ ಕಿಸಕ್ಕೆಂದು ನಕ್ಕರು. ನಾನು ಕತ್ತಲೆಯಲ್ಲಿ ನಿಂತು ಬೆಳಕಿನ ಮೂಲದ ಕಡೆ ನೋಡಿದೆ. ಬನ್ನಿ, ಎಂದು ಮನಸ್ಸಿನಲ್ಲೇ ಕರೆದೆ. ಇಲ್ಲಿದ್ದೀನಿ. ಇಲ್ಲಿ.

ಬೆಳಕು ಅಲ್ಲಾಡಲಿಲ್ಲ.

ಕೀಬೋರ್ಡಿನವನು ಆರಂಭದ ತುಣುಕನ್ನು ಎರಡನೇ ಸಲ ನುಡಿಸಿದ, ಮೂರನೇ ಸಲ ನುಡಿಸಿದ. ಓಡಿಹೋಗಿ ನಿಲ್ಲಲು ನಾಚಿಕೆ. ಅಲ್ಲೇ ನಿಲ್ಲಲು ಹೆದರಿಕೆ. ಕೊನೆಗೆ, ಬೇರೆ ದಾರಿ ಕಾಣದೆ, ನಿಂತ ಜಾಗದಿಂದಲೇ ಹಾಡತೊಡಗಿದೆ. ಕತ್ತಲೆಯಿಂದ ನನ್ನ ಆ ಕೆಳಗಿನ ದನಿ ಒಂದೇ ಒಂದು ಹೊರಟಿತು. ಅದರ ಮೇಲೆ ಹೊದಿಸಲು ಯಾರ ದನಿಯೂ ಇರಲಿಲ್ಲ. ಸಾಲಿಗೆ ಒಂದರಂತೆ ಹೆಜ್ಜೆ ಇಟ್ಟೆ. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಬೆಳಕಿನೊಳಗೆ ಬಂದೆ.

ಹಾಲಿಗೆ ಹಾಲೇ ಎದ್ದು ನಿಂತಿತು.

ಮಾರನೇ ದಿನದ ಪತ್ರಿಕೆಯಲ್ಲಿ ಅದೇ ಸುದ್ದಿ: ಕತ್ತಲೆಯಿಂದ ಹಾಡುತ್ತ ಖಾಲಿ ಬೆಳಕಿಗೆ ನಡೆದು ಬಂದಳು, ಎಂಥ ಕಲ್ಪನೆ, ಎಂಥ ಧೈರ್ಯ! ಅದು ತನ್ನದೇ ಐಡಿಯಾ ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ.

ನನಗೆ ಮಾತ್ರ ಅದೊಂದೂ ಬೇಕಿರಲಿಲ್ಲ. ಅವತ್ತು ರಾತ್ರಿ ಶೋ ಮುಗಿದ ತಕ್ಷಣವೇ ಹೀಲ್ಸ್ ಕೈಯಲ್ಲಿ ಹಿಡಿದು ಆ ಕಬ್ಬಿಣದ ಮೆಟ್ಟಿಲು ಹತ್ತಿ ಓಡಿದೆ. ಅವರು ತಮ್ಮ ಚೀಲಕ್ಕೆ ಕೈಗವಸು, ಸ್ಕ್ರೂಡ್ರೈವರ್ ತುಂಬುತ್ತಿದ್ದರು.

"ಯಾಕೆ ಹಾಗೆ ಮಾಡಿದ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಲೈಟು ಜಾಮ್ ಆಯ್ತು."

"ಏಳು ವರ್ಷ ನನ್ನ ಮೇಲೆ ಜಾಮ್ ಆಗ್ತಿದ್ದ ಲೈಟು, ಇವತ್ತು ನನ್ನನ್ನ ಬಿಟ್ಟು ಜಾಮ್ ಆಯ್ತಾ?"

"ಹಳೇ ಲೈಟು, ಮೂರು."

"ಅಷ್ಟು ಜನರ ಮುಂದೆ ನನ್ನನ್ನ ಕತ್ತಲೇಲಿ ನಿಲ್ಲಿಸಿ ನಗೆಪಾಟಲು ಮಾಡಿದ್ರಿ. ಹೇಳೋದಿದೆ ಅಂದಿದ್ದ ಮಾತು ಇದೇನಾ?"

ಅವರು ಚೀಲದ ಜಿಪ್ಪು ಎಳೆದರು. "ನಾಳೆಯಿಂದ ಲೈಟಿಗೆ ಬೇರೆಯವರು ಬರ್ತಾರೆ," ಎಂದರು. "ಚೆನ್ನಾಗಿ ಹಾಡಿದೆ."

ಚೀಲ ಹೆಗಲಿಗೇರಿಸಿ ಇಳಿದು ಹೋದರು. ನಾನು ಕರೆಯಲಿಲ್ಲ. ನಾನು ಅಸ್ತರಾಗಿದ್ದಾಗ ಇಷ್ಟವಾಗಿದ್ದೆ, ಮೇಲು ಬಟ್ಟೆಯಾದದ್ದು ಅವರಿಗೆ ಸಹಿಸಲಾಗಲಿಲ್ಲ ಎಂದುಕೊಂಡೆ. ಎಷ್ಟು ಸಲೀಸಾಗಿ ಅಂದುಕೊಂಡೆ!

*

ಆಮೇಲೆ ಆರು ವರ್ಷ. ಹಾಡುಗಳು ಬಂದವು, ಊರೂರು ತಿರುಗಿದೆ. ಟಿವಿ ಮೇಲೆ ಅಂಗೈ ಇಡುವ ಕೆಲಸ ಅಮ್ಮನಿಗೆ ತಪ್ಪಿತು. ಆದರೂ ಅವಳ ಕೈ ಅಭ್ಯಾಸಕ್ಕೆ ಮೇಲೆದ್ದು, ಎಲ್ಲಿಡಬೇಕೆಂದು ಗೊತ್ತಾಗದೆ ಗಾಳಿಯಲ್ಲೇ ನಿಲ್ಲುತ್ತಿತ್ತಂತೆ.

ಪ್ರತಿ ಶೋ ಹಾಗೇ ಶುರುವಾಗುತ್ತಿತ್ತು, ಖಾಲಿ ಬೆಳಕು, ನಾಲ್ಕು ಹೆಜ್ಜೆ. ಜನ ಅದಕ್ಕೇ ಕಾಯುತ್ತಿದ್ದರು. ಎಷ್ಟೋ ಮಂದಿ ಲೈಟಿನವರು ಬಂದರು. ಒಬ್ಬರ ಕೈಯೂ ತಪ್ಪುತ್ತಿರಲಿಲ್ಲ. ಆದರೆ ಯಾರ ಬೆಳಕೂ ಕಣ್ಣು ಮಿಟುಕಿಸಲಿಲ್ಲ. ನಾನು ಪ್ರತಿ ಸಲವೂ ಅರೆಗಳಿಗೆ ಕಾದು, ಆಮೇಲೆ ಹಾಡುತ್ತಿದ್ದೆ.

ಅಕ್ಕ ಮಕ್ಕಳಿಗೆ ಹಾಡು ಕಲಿಸುವ ಒಂದು ಸಣ್ಣ ಶಾಲೆ ಇಟ್ಟಿದ್ದಳು. ಅದು ಶುರುವಾಗಿ ಐದು ವರ್ಷವಾಯಿತೆಂದು ಕರೆದಳು, ಹೋದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇಬ್ಬರೂ ಪುಟ್ಟ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆವು.

"ಮದುವೆ ಗಿದುವೆ ಯೋಚನೆ ಇಲ್ವೇನೇ?"

"ಯಾರನ್ನ ಆಗಲಿ?"

"ಅಣ್ಣ ಅನ್ನದೇ ಇದ್ದವನನ್ನ."

ನನ್ನ ಮುಖ ಬಿಗಿಯಿತು. "ಅವರ ಸುದ್ದಿ ಬೇಡ ಅಕ್ಕ. ಅವತ್ತು ನನ್ನ ಮರ್ಯಾದೆ ತೆಗೆದವರು."

ಅಕ್ಕ ಬಹಳ ಹೊತ್ತು ನೆಲದಲ್ಲಿ ಬಿದ್ದಿದ್ದ ಒಂದು ಬಳಪವನ್ನು ಕಾಲಿನಿಂದ ಉರುಳಿಸುತ್ತಿದ್ದಳು.

"ಅವತ್ತು ನಾನು ಆ ಗೂಡಲ್ಲೇ ಇದ್ದೆ ಕಣೇ," ಎಂದಳು. "ಕೆಳಗೆ ಜನರ ಜೊತೆ ಕೂತು ನಿನ್ನ ನೋಡೋಕೆ ಮನಸ್ಸಾಗಲಿಲ್ಲ. ಮೇಲೆ ಹೋಗಿ ಅವನ ಹಿಂದೆ ಕೂತಿದ್ದೆ, ನೀನು ಹತ್ತಿ ಬರೋ ಮೊದಲೇ ಇಳಿದುಬಿಟ್ಟೆ. ನೀನು ತಪ್ಪು ಜಾಗದಲ್ಲಿ ನಿಂತಿದ್ದು ಅವನಿಗೆ ಆ ಕತ್ತಲೇಲೂ ಗೊತ್ತಾಯ್ತು. ಮ್ಯಾನೇಜರ್ ಹೆಡ್‌ಫೋನಲ್ಲಿ 'ಅವಳ ಮೇಲೆ ತಿರುಗಿಸೋ, ತಿರುಗಿಸೋ, ಇಲ್ದಿದ್ರೆ ಇವತ್ತೇ ನಿನ್ನ ಕೆಲಸ ಹೋಯ್ತು' ಅಂತ ಅರಚ್ತಿದ್ದ. ನನಗೂ ಕೇಳಿಸ್ತಿತ್ತು. ಅವನು ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕಿದ."

"ಯಾಕೆ?"

"ನಾನೂ ಅದನ್ನೇ ಕೇಳಿದೆ. ಈಗ ಬೆಳಕು ಅವಳ ಹತ್ರ ಹೋದ್ರೆ ಅವಳು ಜೀವನಪೂರ್ತಿ ಅಲ್ಲೇ ನಿಲ್ತಾಳೆ ಅಂದ. ಲೈಟು ಅಲ್ಲಾಡಬಾರದು ಅಂತ ಅದಕ್ಕೆ ಎದೆ ಒತ್ತಿ ಹಿಡ್ಕೊಂಡಿದ್ದ ಕಣೇ. 'ಬಾ ಮೂರು, ನಾಲ್ಕೇ ಹೆಜ್ಜೆ, ಬಾ' ಅಂತ ಬಾಯಲ್ಲೇ ಹೇಳ್ಕೊಳ್ತಿದ್ದ. ನೀನು ಬೆಳಕಿಗೆ ಬಂದೆಯಲ್ಲ, ಆವಾಗ ಅತ್ತ."

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಅವನು ಭಾಷೆ ತಗೊಂಡಿದ್ದ. ಕೆಲಸ ಹೋಯ್ತು ಅಂತ ಗೊತ್ತಾದ್ರೆ ನೀನು ಕರಾರು ಹರಿದು ಹಾಕಿ ಹೊರಗೆ ಬರ್ತೀಯಾ ಅಂತ." ಅಕ್ಕ ನನ್ನ ಕಡೆ ನೋಡದೆ ಮೂಗು ಒರೆಸಿಕೊಂಡಳು. "ಭಾಷೆ ಒಂದು ವರ್ಷಕ್ಕೆ ಸಾಕಾಗಿತ್ತು. ಉಳಿದ ಐದು ವರ್ಷ ಹೊಟ್ಟೆಕಿಚ್ಚು. ನಿನಗೆ ಎಲ್ಲಾ ಸಿಕ್ಕಿದೆ, ಇದೊಂದು ಸಿಗದಿದ್ರೆ ಏನಂತೆ ಅನ್ನಿಸ್ತಿತ್ತು. ಬೈಯಿ ಬೇಕಾದ್ರೆ."

ಆ ಪುಟ್ಟ ಕುರ್ಚಿಯಿಂದ ಎದ್ದು ಅವಳನ್ನು ತಬ್ಬಿಕೊಂಡೆ. "ಎಲ್ಲಿದ್ದಾರೆ?" ಎಂದೆ ಅವಳ ಹೆಗಲಿನಲ್ಲಿ.

*

ಅಕ್ಕ ಹೇಳಿದ ಜಾಗ, ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಹಾಲು. ರಜೆಯ ದಿನ, ಮಧ್ಯಾಹ್ನ ಮೂರು ಗಂಟೆ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿದ್ದರು. ಏಣಿಯ ತುದಿಯಲ್ಲಿ ಒಬ್ಬರು ಬಲ್ಬು ಬದಲಿಸುತ್ತಿದ್ದರು, ಬಾಗಿಲಿಗೆ ಬೆನ್ನು ಮಾಡಿ.

"ಬಾಗಿಲು ಹಾಕಿ. ಧೂಳು ಬರುತ್ತೆ," ಎಂದರು ತಿರುಗದೆ.

ಬಾಗಿಲು ಹಾಕಿದೆ. ಕಿಟಕಿಗಳಿಗೆ ಕಪ್ಪು ಪರದೆ. ಹಾಲು ಕತ್ತಲಾಯಿತು.

"ಅಷ್ಟೊಂದು ಬೇಡ! ಯಾರದು?"

ಸ್ಟೇಜ್ ಹತ್ತಿದೆ. ಬಲಬದಿಯಿಂದ ಶುರುಮಾಡಿ, ಚಪ್ಪಲಿಯ ಸದ್ದು ಕೇಳಿಸುವ ಹಾಗೆ ಹೆಜ್ಜೆ ಇಟ್ಟೆ. ಹದಿನಾಲ್ಕು. ನಿಂತೆ.

ಏಣಿಯ ಮೇಲಿನ ಸದ್ದು ನಿಂತುಹೋಯಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಸದ್ದು. ಹಾಲಿನ ಹಿಂಭಾಗಕ್ಕೆ ನಡೆದ ಸದ್ದು. ಯಾವುದೋ ಸ್ವಿಚ್ಚು. ಸ್ಟೇಜಿನ ನಡುವೆ ದುಂಡನೆಯ ಬೆಳಕು ಬಿತ್ತು. ಒಂದಿಷ್ಟೇ ಚಿಕ್ಕದಾಯಿತು. ಮತ್ತೆ ಅರಳಿತು.

ನನ್ನ ಕಣ್ಣು ತುಂಬಿತು. ಆದರೆ ಕಾಲು ಕೀಳಲಿಲ್ಲ.

"ಬಾ ಮೂರು," ಎಂದರು ಕತ್ತಲೆಯಿಂದ. "ನಾಲ್ಕೇ ಹೆಜ್ಜೆ."

"ಇಲ್ಲ ರೀ. ಈ ಸಲ ನೀವು ಬನ್ನಿ."

"ನಾನಾ? ನಾನು ಲೈಟಿನವನು. ಬೆಳಕಲ್ಲಿ ನನಗೇನು ಕೆಲಸ?"

"ಏಳು ವರ್ಷ ನಿಮ್ಮ ಎದುರಿಗೆ ಹಾಡಿದೀನಿ. ಹಾಡುವಾಗ ಒಂದು ಸಲವೂ ನಿಮ್ಮ ಮುಖ ಕಂಡಿಲ್ಲ. ಬನ್ನಿ."

ನಾನೂ ಅಲ್ಲಾಡದೆ ಕಾದೆ. ಕಾಯುವುದು ಹೇಗೆಂದು ಅವರೇ ಅಲ್ಲವೇ ಕಲಿಸಿದ್ದು?

ಕೊನೆಗೆ ಬೆಳಕನ್ನು ಅಲ್ಲೇ ಬಿಟ್ಟು ಅವರು ಬಂದರು. ಸ್ಟೇಜಿನ ಅಂಚಿಗೆ ಕೈ ಊರಿ ಹತ್ತಿ, ಅಳುಕುತ್ತಾ ವೃತ್ತದೊಳಗೆ ಕಾಲಿಟ್ಟರು. ಕಣ್ಣಿಗೆ ಕೈ ಅಡ್ಡ ಹಿಡಿದರು. ಕಿರುಬೆರಳಿನ ಆ ಸೊಟ್ಟ ಉಗುರು ಮೊದಲು ಕಾಣಿಸಿತು. ಆಮೇಲೆ ಕೆನ್ನೆಯ ಪಕ್ಕ ನಾಲ್ಕು ನೆರೆಗೂದಲು. ಆಮೇಲೆ ಬೆಳಕಿಗೆ ನೀರೂರಿದ ಕಣ್ಣು.

"ಇಷ್ಟು ಸೆಖೆ ಇರುತ್ತಾ ಇಲ್ಲಿ?" ಎಂದರು. "ಏನೂ ಕಾಣ್ತಿಲ್ಲ. ಎಲ್ಲಿದೀಯಾ?"

"ಇಲ್ಲೇ. ಶೋ ಮುಗಿದ ಮೇಲೆ ಒಂದು ಮಾತು ಹೇಳೋದಿದೆ ಅಂದಿದ್ರಿ."

"ಆರು ವರ್ಷ ಆಯ್ತು."

"ಶೋ ಈಗ ಮುಗೀತು. ಹೇಳಿ."

ಅವರು ನನ್ನ ದನಿ ಬಂದ ಕಡೆ ತಿರುಗಿದರು. ಒಮ್ಮೆ ಗಂಟಲು ಸರಿಮಾಡಿಕೊಂಡರು, ಎರಡನೇ ಸಲವೂ ಸರಿಮಾಡಿಕೊಂಡರು. ಹಾಡುವವಳು ನಾನು, ಗಂಟಲು ಸರಿಮಾಡಿಕೊಳ್ಳುವವರು ಅವರು!

"ಲೈಟು," ಎಂದರು, "ಯಾವತ್ತೂ ಜಾಮ್ ಆಗಿರಲಿಲ್ಲ ಮೂರು. ಒಂದು ದಿನವೂ."

ನಾನು ನಾಲ್ಕು ಹೆಜ್ಜೆ ಇಟ್ಟೆ.

*

ನಮ್ಮ ಮನೆಯಲ್ಲಿ ಈಗಲೂ ಕೆಲವು ಸಂಜೆ ಕರೆಂಟು ಹೋಗುತ್ತದೆ. ನಾನು ಅಡುಗೆಮನೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿರುತ್ತೇನೆ, ಅವರು ಹೊರಗಿನ ಕೋಣೆಯ ಕುರ್ಚಿಯಲ್ಲಿ. ಟಾರ್ಚು ಹುಡುಕುವ ಸದ್ದು ಕೇಳಿಸುತ್ತದೆ. ಬೇರೆಯವರಾದರೆ ಟಾರ್ಚನ್ನು ನನ್ನ ಹತ್ತಿರ ತರುತ್ತಿದ್ದರು. ಇವರು ಕೋಣೆಯ ನಟ್ಟನಡುವೆ ನೆಲದ ಮೇಲೆ ಒಂದು ದುಂಡನೆಯ ಬೆಳಕು ಬಿಟ್ಟು, ಸುಮ್ಮನೆ ಕಾಯುತ್ತಾರೆ.

"ಬಾ ಮೂರು."

"ಬಂದೆ ರೀ. ಮೊಣಕಾಲು ಬರಬೇಡವೇ?"

ನಾಲ್ಕು ಹೆಜ್ಜೆಯ ದೂರಕ್ಕೆ ನನಗೆ ಈಗ ಏಳು ಹೆಜ್ಜೆ ಬೇಕು. ನಾನು ನಿಧಾನಕ್ಕೆ ನಡೆಯುತ್ತೇನೆ. ನೆಲದ ಮೇಲಿನ ವೃತ್ತ ಸ್ವಲ್ಪ ನಡುಗುತ್ತದೆ. ಕೈಗೆ ವಯಸ್ಸಾಯಿತು ಎಂದು ನನಗೆ ಗೊತ್ತು.

"ಟಾರ್ಚು ಹಳೇದು," ಎನ್ನುತ್ತಾರೆ ಅವರು.